ಧಾರವಾಡದವರಿಗೆ ಕೊಳ್ಳೇಗಾಲ ತೋರಿಸಿದ್ದು

ನಾನು ಪರದೇಶ ಕಂಡವಳಲ್ಲ. ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೇನೆ, ಅದು ಬೀರುವಿನಲ್ಲಿ ಸೀರೆಗಳ ಅಡಿ ಸುಖವಾಗಿ ನಿದ್ದೆ ಮಾಡುತ್ತಿದೆ. ಆದರೂ ಈಚೆಗೆ ಮೂರು ದಿನ ಅಪ್ಪಟ ಪರದೇಶ ಪ್ರವಾಸ ಮಾಡಿ ಬಂದೆ. ಸುತ್ತಿದ್ದು ಕೊಳ್ಳೇಗಾಲ, ಯಳಂದೂರು, ಹನೂರು ತಾಲ್ಲೂಕುಗಳನ್ನೇ. ಹುಟ್ಟಿ ಬೆಳೆದ ಊರು ಪರದೇಶವಾಗಲು ಹೆಚ್ಚೇನೂ ಬೇಡ, ಜೊತೆಯಲ್ಲಿ ಧಾರವಾಡದಿಂದ ಬಂದ ಇಬ್ಬರು ಭಾವೀ ಬೀಗರಿದ್ದರೆ ಸಾಕು.

ನಮ್ಮೂರಿನ ಹೆಸರು ಹೇಳಿ ನೋಡಿ. ಮೈಸೂರಿನವರು ನಗುತ್ತಾರೆ. ಮಂಗಳೂರಿನವರು ಹುಬ್ಬು ಹಾರಿಸುತ್ತಾರೆ. ಇನ್ನೂ ಮೇಲಿನ ಜಿಲ್ಲೆಯವರಾದರೆ ಕುಲುಕಲು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. “ಕೊಳ್ಳೇಗಾಲವೇ? ಅಲ್ಲಿ ಅದು ಇದೆಯಂತಲ್ಲ?” ‘ಅದು’ ಅಂದರೆ ಮಾಟ. ನಾವು ರೇಷ್ಮೆ ಸೀರೆ ನೇಯುತ್ತೇವೆ, ಕಬ್ಬು ಬೆಳೆಯುತ್ತೇವೆ, ಭರಚುಕ್ಕಿಯಂಥ ಜಲಪಾತ ಇಟ್ಟುಕೊಂಡಿದ್ದೇವೆ. ಅದ್ಯಾವುದೂ ಜನರ ನೆನಪಿನಲ್ಲಿಲ್ಲ. ಐವತ್ತೈದು ದಾಟಿದ ನನಗೆ ಈವರೆಗೆ ಒಬ್ಬ ಮಾಟಗಾರನೂ ಸಿಕ್ಕಿಲ್ಲ ಅಂದರೆ, “ಅವರು ಹಾಗೆಲ್ಲ ಗುರುತು ಕೊಡಲ್ಲ ಬಿಡಿ” ಎಂದು ನನಗೇ ಸಮಾಧಾನ ಹೇಳುತ್ತಾರೆ.

ಕೊಳ್ಳೇಗಾಲ, ನಮ್ಮ ಮನೆ

ನನ್ನ ಮಗಳು ಚಂದನಾ ಕೊಳ್ಳೇಗಾಲದ ಕೋರ್ಟಿನಲ್ಲಿ ವಕೀಲೆ. ಯಳಂದೂರಿನ ಕಡೆ ಕೆಲಸ ಮಾಡುವ ಪಶುವೈದ್ಯ ಬಸವರಾಜ ಒಮ್ಮೆ ಎತ್ತು ಸತ್ತ ಕೇಸಿನಲ್ಲಿ ಸಾಕ್ಷಿ ಹೇಳಲು ಬಂದಿದ್ದ. ಇವಳು ಅವನಿಗೆ ಬೆವರಿಳಿಯುವಷ್ಟು ಪ್ರಶ್ನೆ ಕೇಳಿದಳು. ಕೇಸು ಇವಳು ಸೋತಳು. ಆದರೆ ಅವನು ಆಮೇಲೂ ಪ್ರಶ್ನೆ ಕೇಳಿಸಿಕೊಳ್ಳಲು ಬರುತ್ತಲೇ ಇದ್ದ. ಎರಡೂ ಮನೆಯವರು ಲಿಂಗಾಯತರೇ, ಹುಡುಗ ಒಳ್ಳೆಯವನು, ನಮ್ಮ ಕಡೆಯಿಂದ ತಕರಾರಿರಲಿಲ್ಲ. ಧಾರವಾಡದಲ್ಲಿದ್ದ ಅವನ ತಂದೆ ತಾಯಿಗೆ ಮಾತ್ರ ಒಂದು ಶಬ್ದ ಗಂಟಲಲ್ಲಿ ಇಳಿಯಲಿಲ್ಲ: ಕೊಳ್ಳೇಗಾಲ. “ಊರು ಒಮ್ಮೆ ನೋಡಿ ಹೇಳ್ತೀವಿ” ಎಂದು ಹೊರಟು ಬಂದರು.

ತಂದೆ ಚನ್ನಬಸಪ್ಪನವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ತಾಯಿ ನೀಲಕ್ಕ, ದೊಡ್ಡ ಕುಂಕುಮದ, ಗಟ್ಟಿ ದನಿಯ ಹೆಂಗಸು. ಮಗನ ಬಾಡಿಗೆ ಮನೆಯಲ್ಲಿ ಇಳಿದು, ಮೊದಲ ದಿನ ಊಟಕ್ಕೆ ನಮ್ಮಲ್ಲಿಗೆ ಬಂದರು. ನಾನು ನೀರು ಕೊಟ್ಟೆ. ಚನ್ನಬಸಪ್ಪನವರು ತಮ್ಮ ಚೀಲದಿಂದ ಧಾರವಾಡದ ನೀರಿನ ಬಾಟಲಿ ತೆಗೆದರು.

“ಡಾಕ್ಟರು ಹೇಳ್ಯಾರ್ರೀ, ನೀರು ಬದಲಾಗಬಾರದು ಅಂತ.”

ಆ ಡಾಕ್ಟರು ಪಾಯಸವನ್ನೂ, ಹೋಳಿಗೆಯನ್ನೂ, ಎಲೆ ಅಡಿಕೆಯನ್ನೂ ಬದಲಾಯಿಸಬಾರದು ಅಂದಿದ್ದರಂತೆ. ನನಗೆ ಅರ್ಥವಾಯಿತು. ಅವರೆದುರೇ ಒಂದು ಬಟ್ಟಲು ಪಾಯಸ ಕುಡಿದು ತೋರಿಸಿದೆ. ಸಾಯಲಿಲ್ಲ, ವಶವೂ ಆಗಲಿಲ್ಲ. ಆಮೇಲೆ ಅವರು ಎರಡು ಚಮಚ ತಿಂದರು, ಪರೀಕ್ಷೆ ಬರೆಯುವವರ ಮುಖ ಮಾಡಿಕೊಂಡು. ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯ ಕೂದಲನ್ನು ಬಿಡಿಸಿ, ಮಡಿಚಿ, ಜೇಬಿಗೆ ಹಾಕಿಕೊಂಡರು. ಬೋಳಾಗುತ್ತಿರುವ ತಲೆಯ ಅಷ್ಟೇ ಕೂದಲಿಗೆ ಇಷ್ಟೊಂದು ಕಾವಲು ನಾನು ಬೇರೆಲ್ಲೂ ನೋಡಿಲ್ಲ. ಹೊರಡುವಾಗ ನೀಲಕ್ಕ ನಮ್ಮ ಹೊಸ್ತಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಬಗ್ಗಿದ್ದರು. ಸೊಂಟನೋವಿರಬೇಕು ಅಂದುಕೊಂಡೆ.

ನಮ್ಮ ಸೀರೆ ಅಂಗಡಿಯಲ್ಲಿ ಮದುವೆ ಸೀಸನ್ನು. ಸೀರೆ ಬಿಚ್ಚಿ ಬಿಚ್ಚಿ ಕೈಸೋತ ನನ್ನ ಗಂಡ, “ಊರು ನೀನೇ ತೋರ್ಸು, ನಿಂಗೆ ಮಾತು ಜಾಸ್ತಿ” ಎಂದು ಜವಾಬ್ದಾರಿ ದಾಟಿಸಿದರು. ಹೀಗೆ ನಾನು ಗೈಡ್ ಆದೆ.

ಮರಡಿಗುಡ್ಡ

ಸಂಜೆ ಮರಡಿಗುಡ್ಡ ಹತ್ತಿಸಿದೆ. ಮೇಲಿಂದ ಊರು ಚೆನ್ನಾಗಿ ಕಾಣುತ್ತದೆ: ಕೆರೆ, ಗದ್ದೆ, ತೆಂಗು, ನಡುವೆ ಯಾರಿಗೂ ಹೇಳದೆ ಎದ್ದುನಿಂತ ಕಟ್ಟಡಗಳು. ಕೋಹಳ, ಗಾಲವ ಎಂಬ ಇಬ್ಬರು ಋಷಿಗಳು ಇಲ್ಲಿ ತಪಸ್ಸು ಮಾಡಿದ್ದರಿಂದ ಕೊಳ್ಳೇಗಾಲ ಎಂಬ ಹೆಸರು ಬಂತು ಎಂದು ವಿವರಿಸಿದೆ. ನಿಶ್ಶಬ್ದ ಹುಡುಕಿಕೊಂಡು ಬಂದವರಂತೆ. ಈಗ ಬಂದಿದ್ದರೆ ಮೈಕಿನ ಸದ್ದಿಗೆ ಅದೇ ದಿನ ವಾಪಸು ಬಸ್ಸು ಹಿಡಿಯುತ್ತಿದ್ದರು. ಚನ್ನಬಸಪ್ಪನವರು ಋಷಿಗಳನ್ನು ಸಹನೆಯಿಂದ ಕೇಳಿ, ಆಮೇಲೆ ದನಿ ತಗ್ಗಿಸಿದರು.

“ಮಂಗಳಮ್ಮಾರ, ಅದನ್ನ ಮಾಡೋ ಓಣಿ ಯಾವ ಕಡೆ ಬರ್ತೈತ್ರಿ?”

“ಯಾವುದನ್ನ?”

“ಅದ ರೀ...” ಗಾಳಿಯಲ್ಲಿ ನಿಂಬೆಹಣ್ಣು ಹಿಂಡಿ ತೋರಿಸಿದರು.

ಹಾಗೊಂದು ಓಣಿಯಿಲ್ಲ ಅಂದೆ. ನಂಬಲಿಲ್ಲ. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕಪ್ಪನನ್ನು ವಿಚಾರಿಸಿದರು. ಅವನು ಪೊಟ್ಟಣ ಕಟ್ಟುತ್ತಲೇ ಉತ್ತರಿಸಿದ: “ಇಲ್ಲೆಲ್ಲಿ ಅದೆ ಸಾ? ಅದೆಲ್ಲ ಬೇಕಂದ್ರೆ ಕೇರಳಕ್ಕೇ ಓಗ್ಬೇಕು. ನಮ್ಮೂರಲ್ಲಿ ನೆಟ್ಗೆ ಕರೆಂಟೇ ಇರಕಿಲ್ಲ.”

ಮಂತ್ರ ಯಾವಾಗಲೂ ಪಕ್ಕದ ಸೀಮೆಯಲ್ಲೇ ಇರುತ್ತದೆ ಎಂದು ನನಗೆ ಹೊಳೆದದ್ದು ಆಗ. ಕೇರಳದವರು ಯಾರ ಕಡೆ ಕೈ ತೋರಿಸುತ್ತಾರೋ ಗೊತ್ತಿಲ್ಲ. ಸಮುದ್ರದ ಕಡೆ ಇರಬಹುದು.

ಯಳಂದೂರು

ಮರುದಿನ ಬಸವರಾಜ ಕಾರು ತಂದ. ಮುಂದೆ ತಂದೆ ಮಗ, ಹಿಂದೆ ನೀಲಕ್ಕ, ನಾನು, ಚಂದನಾ. ಯಳಂದೂರಿಗೆ ಹೋಗುವ ದಾರಿಯಲ್ಲಿ ನಾನು ಗಡಿ ದಾಟಿಸುವ ಶಾಸ್ತ್ರ ಮಾಡಿದೆ. ರಾಜ್ಯಗಳು ಒಂದಾಗುವವರೆಗೆ ಕೊಳ್ಳೇಗಾಲ ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ದಿವಾನರಿಗೆ ಸಿಕ್ಕ ಜಹಗೀರು. ನಮ್ಮಜ್ಜಿಯನ್ನು ಯಳಂದೂರಿನ ಅಗರದಿಂದ ಕೊಳ್ಳೇಗಾಲದ ಧನಗೆರೆಗೆ ಮದುವೆ ಮಾಡಿಕೊಟ್ಟಾಗ ಅವಳು ಬೆಳಿಗ್ಗೆ ಎತ್ತಿನಗಾಡಿ ಹತ್ತಿ ಮಧ್ಯಾಹ್ನದೊಳಗೆ ಪರದೇಶ ಸೇರಿದ್ದಳು. ಸಾಯುವವರೆಗೂ ಧನಗೆರೆಯ ಸಾರಿನಲ್ಲಿ ಹುಳಿ ಜಾಸ್ತಿ, ಮದರಾಸಿನವರಿಗೆ ಅಡುಗೆ ಬರಲ್ಲ ಅನ್ನುತ್ತಿದ್ದಳು.

ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ ನಿಂತಾಗ ನೀಲಕ್ಕನ ಮುಖ ಮೊದಲ ಸಲ ಅರಳಿತು. ಒಂದೇ ಕಲ್ಲಿನಲ್ಲಿ ಕೊರೆದ ಸರಪಳಿ, ಒಂದರೊಳಗೊಂದು ಸಿಕ್ಕಿಕೊಂಡ ಕಲ್ಲಿನ ಬಳೆಗಳು. “ಕಲ್ಲು ಅಂತ ಅನಸೂದೇ ಇಲ್ಲಲ್ರೀ” ಎಂದು ಕತ್ತೆತ್ತಿ ನೋಡುತ್ತಲೇ ನಿಂತರು. ನಾನು ಹಿಗ್ಗಿದೆ, ನಾನೇ ಕೊರೆದಿದ್ದೇನೋ ಅನ್ನುವ ಹಾಗೆ.

ಅಷ್ಟರಲ್ಲಿ ಅಗರದ ರೈತನೊಬ್ಬ ಬಸವರಾಜನನ್ನು ನೋಡಿ ಬೈಕು ನಿಲ್ಲಿಸಿದ. “ಸಾ, ನಮ್ ಎಮ್ಮೆ ಮೇವು ಮುಟ್ತಿಲ್ಲ.”

ಬಸವರಾಜ ಅಂದ: “ನಾಳಿದ್ದು ಬತ್ತೀನಿ ಕಣಣ್ಣ. ಇವತ್ತು ಅವ್ವ ಅಪ್ಪನ್ನ ಕರ್ಕಂಡು ಬೆಟ್ಟಕ್ ಓಯ್ತಾ ಇವ್ನಿ. ಅಲ್ಲೀಗಂಟ ಇಂಡಿ ಆಕ್ಬೇಡ, ಒಣುಲ್ಲು ಆಕು.”

ನೀಲಕ್ಕನ ಮುಖ ಬಿಳುಚಿಕೊಂಡಿತು. ಬಳೆಮಂಟಪವನ್ನು ಮರೆತು ನನ್ನ ಕೈ ಹಿಡಿದರು.

“ಕೇಳಿದ್ರೇನ್ರಿ? ನಮ್ಮ ಹುಡುಗ ‘ಹ’ ಬಿಟ್ಟಾನ! ‘ಹೋಗ್ತೇನಿ’ ಅನ್ನಾಂವ ‘ಓಯ್ತಾ ಇವ್ನಿ’ ಅಂತಾನ! ಯಾರೋ ಏನೋ ಮಾಡ್ಯಾರ್ರೀ ಅಂವಗ!”

ನಮ್ಮ ಸೀಮೆಯಲ್ಲಿ ‘ಹ’ವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ಅದು ತಾನಾಗಿಯೇ ಉದುರುತ್ತದೆ ಎಂದು ತಿಳಿಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕಾರಿನಲ್ಲಿ ಉದ್ದಕ್ಕೂ ಕೈಚೀಲವನ್ನು ಎದೆಗೆ ಅವಚಿಕೊಂಡೇ ಕೂತಿದ್ದರು.

ಬಿಳಿಗಿರಿರಂಗನ ಬೆಟ್ಟ

ಬೆಟ್ಟದ ರಂಗನಾಥನಿಗೆ ರಾತ್ರಿ ಕಾಡು ಸುತ್ತುವ ಅಭ್ಯಾಸ. ಅದಕ್ಕೆ ಭಕ್ತರು ಅವನಿಗೆ ದೊಡ್ಡ ಚರ್ಮದ ಚಪ್ಪಲಿ ಮಾಡಿಕೊಡುತ್ತಾರೆ. ಆ ಚಪ್ಪಲಿಯೂ ಸವೆಯುತ್ತದಂತೆ, ಆಮೇಲೆ ಹೊಸದು. ಅದನ್ನು ತಲೆಗೆ ಮುಟ್ಟಿಸಿಕೊಂಡರೆ ಒಳ್ಳೆಯದಾಗುತ್ತದೆ ಎಂದೆ. ಜೀವನದಲ್ಲಿ ಯಾರಿಗೂ ತಲೆ ಬಾಗಿಸದ ಬ್ಯಾಂಕ್ ಮ್ಯಾನೇಜರು ಚಪ್ಪಲಿಯ ಕೆಳಗೆ ಕಣ್ಣುಮುಚ್ಚಿ ಬಗ್ಗಿದರು. ಎದ್ದಾಗ ಬಹಳ ಹಗುರಾಗಿದ್ದರು. ನನ್ನ ಗಂಡನಿಗೂ ಇದನ್ನು ಮಾಡಿಸಬೇಕು ಅಂದುಕೊಂಡೆ.

ಹೊರಗೆ ಜಡೆಯಮ್ಮ ಎಂಬ ಸೋಲಿಗರ ಹೆಂಗಸು ಜೇನು ಮಾರುತ್ತಿದ್ದಳು. ಮಾತಿನ ನಡುವೆ ಅವಳು ದೇವರನ್ನು ‘ರಂಗಬಾವ’ ಎಂದಳು. ದೇವರು ನಿನಗೆ ಭಾವ ಹೇಗಾದ ಎಂದು ನೀಲಕ್ಕ ಕೇಳಿದರು.

“ನಮ್ಮ ಹೆಣ್ಣು ಕುಸುಮಾಲೆನ ಮದ್ವೆ ಆದ್ನಲ್ಲವ್ವ. ವೇಷ ಹಾಕ್ಕಂಡು ಬಂದ, ಅವಳ್ನ ಕಂಡ, ಇಲ್ಲೇ ನಿಂತ. ಅದ್ಕೇ ನಮ್ಮೆಲ್ರಿಗೂ ಬಾವ.”

“ಅವನ ತಾಯಿ ಸುಮ್ಮನ ಬಿಟ್ಟಳೇನು?”

ಜಡೆಯಮ್ಮ ನಕ್ಕಳು. “ಅವ್ನವ್ವ ಬಂದಿದ್ದು ನಾ ಕೇಳಿಲ್ಲ ಕಣವ್ವ. ಬಂದಿದ್ರೆ ಅವ್ಳಿಗೂ ಜೇನು ಕೊಡ್ತಿದ್ವಿ.”

ನೀಲಕ್ಕ ಜೇನು ರುಚಿ ನೋಡಲು ಕೈಚೀಲವನ್ನು ಕಟ್ಟೆಯ ಮೇಲಿಟ್ಟರು. ಅದೇ ಕ್ಷಣ ಒಂದು ಕೋತಿ ಚೀಲ ಎತ್ತಿಕೊಂಡು ಮರ ಹತ್ತಿತು. ನಾವೆಲ್ಲ ಹುಶ್ ಹುಶ್ ಅಂದೆವು. ಅದು ಕೊಂಬೆಯ ಮೇಲೆ ಕೂತು, ಚೆಕ್‌ಪೋಸ್ಟಿನವರ ಹಾಗೆ ಒಂದೊಂದೇ ಸಾಮಾನು ತೆಗೆದು ಪರಿಶೀಲಿಸಿತು. ಕನ್ನಡಕ ಬಿತ್ತು. ಕರ್ಚೀಫು ಬಿತ್ತು. ಕೆಂಪು ಬಟ್ಟೆಯ ಗಂಟೊಂದು ಸಿಕ್ಕಿತು. ಅದನ್ನು ಹಲ್ಲಿನಿಂದ ಬಿಚ್ಚಿತು. ಒಳಗಿನ ಒಣಮೆಣಸಿನಕಾಯಿಯನ್ನು ಮೂಸಿ ಎಸೆಯಿತು, ತಾಮ್ರದ ತಗಡನ್ನು ಕಚ್ಚಿ ಎಸೆಯಿತು, ನಿಂಬೆಹಣ್ಣನ್ನು ಒಂದು ಸಲ ಚೀಪಿ ಮುಖ ಕಿವುಚಿ ಎಸೆಯಿತು. ಕೊನೆಗೆ ಒಂದು ಕಾರ್ಡು ಗಾಳಿಯಲ್ಲಿ ತೇಲಿ ಬಂದು ನನ್ನ ಕಾಲಬಳಿ ಬಿತ್ತು. ಓದಿದೆ. ‘ಕೊಳ್ಳೇಗಾಲದ ಮಾದೇವ ಗುರೂಜಿ. ಮೂಲ ಪೀಠ: ಹನೂರು ತಾಲ್ಲೂಕು ರಾಮಾಪುರ. ಶಾಖೆ: ಹುಬ್ಬಳ್ಳಿ.’ ಪಕ್ಕದಲ್ಲಿ ದಪ್ಪ ಮೀಸೆಯ ಫೋಟೋ.

ಚಂದನಾ ಕಾರ್ಡು ತೆಗೆದುಕೊಂಡು, ಕೋರ್ಟಿನ ದನಿಯಲ್ಲಿ ನೀಲಕ್ಕನನ್ನು ಮೆತ್ತಗೆ ಕೇಳಿದಳು: “ಅಮ್ಮ, ಇದನ್ನ ಎಲ್ಲಿ ಹೂಳೋಕೆ ಹೇಳಿದ್ರು?”

“ನಿಮ್ಮ ಹೊಸ್ತಲಾ ಕೆಳಗ” ಎಂದರು ನೀಲಕ್ಕ, ತಲೆ ತಗ್ಗಿಸಿ. “ಹುಡುಗನ್ನ ತೆಂಕಣ ಹುಡುಗಿ ಕಟ್ಟಿಹಾಕ್ಯಾಳ, ಇದನ್ನ ಇಟ್ರ ಬಿಡಸ್ತೈತಿ ಅಂದಾ.”

“ನಮ್ಮ ಹೊಸ್ತಿಲು ಗ್ರಾನೈಟು. ಡ್ರಿಲ್ಲಿಂಗ್ ಮಷಿನ್ ಬೇಕಾಗ್ತಿತ್ತು.”

ಬಸವರಾಜ ಕೆಂಪಗಾಗಿದ್ದ. “ಯಾಕವ್ವ ಇಂಗ್ ಮಾಡ್ದೆ? ನಂಗೆ ಮಾನ ಅನ್ನದು ಬ್ಯಾಡ್ವಾ?”

“ನೋಡ್ರಿ, ಸಿಟ್ಟಿನ್ಯಾಗೂ ಅಂವಗ ನಮ್ಮ ಮಾತ ಬರವಲ್ದು!” ಎಂದು ನೀಲಕ್ಕ ಅಳಲು ಶುರು ಮಾಡಿದರು.

ಜಗತ್ತಿಗೆಲ್ಲ ಮಾಟ ರಫ್ತು ಮಾಡುತ್ತದೆ ಎಂಬ ಕೆಟ್ಟ ಹೆಸರು ಹೊತ್ತ ಊರಿಗೆ, ಕೊನೆಗೂ ಮಾಟ ಹುಬ್ಬಳ್ಳಿಯಿಂದ ಆಮದಾಗಿತ್ತು. ಈಗ ನಗು ಬರುತ್ತದೆ. ಆಗ ಬರಲಿಲ್ಲ. ಮೈ ಉರಿದುಹೋಯಿತು. ಇಂಥ ಮನೆಗೆ ಮಗಳನ್ನು ಕೊಡುವುದಿಲ್ಲ, ಈಗಲೇ ಬಸ್ಸಿನಲ್ಲಿ ವಾಪಸು ಹೋಗೋಣ ಎಂದೆ. ಚಂದನಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಅವಳ ಕಣ್ಣಲ್ಲೂ ನೀರಿತ್ತು. ಮೂಗೊರೆಸಿಕೊಂಡು ವಾಪಸು ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಾಳೆ ಹೇಗೂ ಮಾದಪ್ಪನ ಬೆಟ್ಟಕ್ಕೆ ಹೋಗೋದಿತ್ತು. ರಾಮಾಪುರ ದಾರೀಲೇ ಸಿಗುತ್ತೆ. ಈ ಮನುಷ್ಯ ಅಲ್ಲಿಯವನೇ ಆಗಿದ್ರೆ, ನಾನೇ ಈ ಮದುವೆ ಬೇಡ ಅಂತೀನಿ. ಅಲ್ಲದಿದ್ರೆ, ಮಾಟದ ಮಾತು ನಮ್ಮ ಎರಡು ಮನೇಲೂ ಮತ್ತೆ ಬರಬಾರದು.”

ಚನ್ನಬಸಪ್ಪನವರು ಒಪ್ಪಿದರು. ಸಾಕ್ಷ್ಯ ಅಂದರೆ ಬ್ಯಾಂಕಿನವರಿಗೆ ಗೌರವ.

ರಾಮಾಪುರ

ಹನೂರು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಒಣಭೂಮಿ, ರಾಗಿಯ ಕೂಳೆ, ಆಚೆ ಕಾಡು. ಕಾರಿನಲ್ಲಿ ನಾನು ಗೈಡ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ರಾಮಾಪುರದ ಬಸ್‌ಸ್ಟಾಪಿನಲ್ಲಿ ಇಳಿದು ಚನ್ನಬಸಪ್ಪನವರು ಜೋರಾಗಿ ಕೇಳಿದರು: “ಇಲ್ಲಿ ಮಾದೇವ ಅನ್ನೋರು ಯಾರ್ರಿ?”

ಇದು ಮಾದಪ್ಪನ ಸೀಮೆ. ಮನೆಗೊಬ್ಬ ಮಾದೇವ ಇಲ್ಲದಿದ್ದರೆ ಮನೆಯೇ ಅಲ್ಲ. ಬೆಂಚಿನ ಮೇಲಿದ್ದವರಲ್ಲಿ ಅರ್ಧ ಜನ ತಿರುಗಿದರು, ಅಂಗಡಿಯೊಳಗಿಂದ ಇಬ್ಬರು ಹೊರಬಂದರು, ಹೊರಟ ಬಸ್ಸಿನ ಕಂಡಕ್ಟರನೂ ತಲೆ ಹಾಕಿದ.

“ಮಾದೇವ ಗುರೂಜಿ” ಎಂದು ತಿದ್ದಿದರು.

ಬಿಳಿ ಶರ್ಟಿನ ಎತ್ತರದ ಮನುಷ್ಯನೊಬ್ಬ ಮುಂದೆ ಬಂದ. “ನಾನೇ. ಏನಾಗ್ಬೇಕಿತ್ತು ಸಾ?”

ಚಂದನಾ ತುಟಿ ಕಚ್ಚಿದಳು. ಬಸವರಾಜ ನೆಲ ನೋಡಿದ. ಹಿಂದಿನ ದಿನ ‘ಬೇಡ’ ಎಂದು ಕೂಗಿದವಳು ನಾನೇ; ಈಗ ಇವನು ಅವನಾಗದಿರಲಿ ಎಂದು ಮಾದಪ್ಪನಿಗೆ ಹರಕೆ ಹೊರುತ್ತಿದ್ದವಳೂ ನಾನೇ.

“ನೀವು... ಕಟ್ಟು ಬಿಡಸ್ತೀರೇನ್ರಿ?” ಎಂದರು ಚನ್ನಬಸಪ್ಪ.

“ಹೈಸ್ಕೂಲಲ್ಲಿ ಡ್ರಾಯಿಂಗ್ ಏಳ್ಕೊಡ್ತೀನಿ ಸಾ. ಮಕ್ಕಳು ಗುರೂಜಿ ಅಂತವೆ.” ಚಂದನಾ ಕೊಟ್ಟ ಕಾರ್ಡಿನ ಫೋಟೋವನ್ನು ಕೈಯಲ್ಲಿ ದೂರ ಹಿಡಿದು ನೋಡಿದ. “ಇವ್ನ್ಯಾರೋ ನಮ್ಮೂರವ್ನಲ್ಲ. ಮೀಸೆ ನೋಡುದ್ರೆ ನಿಮ್ ಕಡೆಯವ್ನಂಗವ್ನೆ.”

ಕಾರ್ಡು ಎಲ್ಲ ಮಾದೇವರ ಕೈಯಲ್ಲೂ ಓಡಾಡಿತು. ಯಾರಿಗೂ ಗುರುತಿರಲಿಲ್ಲ. “ಸ್ಟೇಷನ್ನಿಗೇ ಕೊಡಿ ಸಾ, ಊರ ಹೆಸ್ರು ಕೆಡುಸ್ತಾವ್ನೆ” ಎಂದು ಒಬ್ಬ ಪೊಲೀಸ್ ಠಾಣೆಯ ದಾರಿ ತೋರಿಸಿದ. ಚನ್ನಬಸಪ್ಪನವರು ಕಾರ್ಡನ್ನು ಹರಿದರು.

ಆಗ ಟೀ ಅಂಗಡಿಯ ಸೆಲ್ವಿ ಓಡಿಬಂದಳು. ಗಡಿಯ ಹೆಂಗಸು, ಅರ್ಧ ತಮಿಳು, ಅರ್ಧ ಕನ್ನಡ. “ಸಾರ್, ಕಾರ್ ಮೇಲೆ ಡಾಕ್ಟರ್ ಅಂತ ಬೋರ್ಡ್ ಇದೆ. ದನದ ಡಾಕ್ಟ್ರಾ? ನಮ್ಮ ಮಾಡು, ಹಸು ಸಾರ್, ಬೆಳಿಗ್ಗೆಯಿಂದ ನೋವು ತಿಂತಾ ಇದೆ. ಕರು ಒಂದು ಕಾಲು ಮಾತ್ರ ಬಂದಿದೆ. ಕೊಂಚ ಬನ್ನಿ ಸಾರ್!”

ಬಸವರಾಜ ತೋಳು ಮಡಿಚುತ್ತಲೇ ಓಡಿದ. ನಾವು ಹಿಂದೆ ಹೋದೆವು. ಕೊಟ್ಟಿಗೆಯಲ್ಲಿ ಹಸು ಬೆದರಿ ಒದೆಯುತ್ತಿತ್ತು, ಹತ್ತಿರ ಸೇರಿಸುತ್ತಿರಲಿಲ್ಲ. ಹಗ್ಗ ಹಿಡಿದವನಿಗೆ ಬಸವರಾಜ “ಗಟ್ಯಾಗ್ ಇಡ್ಕಳಣ್ಣ” ಎಂದ. ಆಮೇಲೆ ಹಸುವಿನ ಬೆನ್ನಿಗೆ ಕೆನ್ನೆ ಆನಿಸಿ, ದನಿ ಪೂರಾ ಇಳಿಸಿ, ಮಾತಾಡತೊಡಗಿದ.

“ಹೆದರಬ್ಯಾಡ ನನ್ನವ್ವಾ, ಹೆದರಬ್ಯಾಡ. ನಾ ಇದ್ದೇನಲ್ಲ? ಸಾವಕಾಶ... ಹಾಂ, ಹಂಗ... ಇನ್ನೊಂದ ಸಲ, ನನ್ನ ಬಂಗಾರ, ಇನ್ನೊಂದ ಸಲ...”

ನಾನು ನೀಲಕ್ಕನನ್ನು ನೋಡಿದೆ. ಅವರು ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದರು. ಒಂದು ಗಳಿಗೆ ಅಷ್ಟೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳನುಗ್ಗಿ, ಹಗ್ಗದವನನ್ನು ಪಕ್ಕಕ್ಕೆ ಸರಿಸಿ, ಹಸುವಿನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿ ಹಿಡಿದರು. “ಮಗಾ, ಎಡಗಾಲ ಮಡಚೇತಿ ನೋಡು” ಎಂದರು. “ಸಿಕ್ತಬೇ, ನೀ ತಲಿ ಬಿಡಬ್ಯಾಡ” ಎಂದ ಅವನು. ತಾಯಿ ಮಗ ಎಷ್ಟೋ ಹೊತ್ತು ಹಾಗೇ ಹೆಣಗಿದರು. ಚನ್ನಬಸಪ್ಪನವರು ಶರ್ಟಿನ ಕೈ ಮೇಲೇರಿಸಿ ಬಿಸಿನೀರಿನ ಬಕೆಟ್ಟು ಹೊತ್ತರು. ಕೊನೆಗೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಒದ್ದೆ ಕಿವಿ ಕೊಡವಿತು. ಸೆಲ್ವಿ “ಮಾದಪ್ಪಾ!” ಎಂದು ಕೂತುಬಿಟ್ಟಳು.

ಅವಳು ಕೊಟ್ಟ ಟೀಯನ್ನು ಧಾರವಾಡದವರಿಬ್ಬರೂ ಏನೂ ನೋಡದೆ ಕುಡಿದರು. ಚನ್ನಬಸಪ್ಪನವರು ಇನ್ನೊಂದು ಲೋಟ ಕೇಳಿದರು.

ನೀಲಕ್ಕ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. ಸೀರೆಯೆಲ್ಲ ಸಗಣಿ, ರಕ್ತ. “ಅಂವ ಸಣ್ಣಾಂವ ಇದ್ದಾಗ ನಮ್ಮ ಹಿತ್ತಲದಾಗ ನಾನೂ ಅಂವಾನೂ ಹಿಂಗ ಕರಾ ತಗೀತಿದ್ವಿ” ಎಂದರು. “ಏನೂ ಮರತಿಲ್ಲ ಅಂವ.” ಆಮೇಲೆ, “ನಿಮ್ಮ ಮನಿಗೆ ಅಂಥಾದ್ದು ತಗೊಂಡ ಬಂದ್ನಲ್ರಿ. ನನಗ ನಾಚಿಕಿ ಆಗೇತಿ” ಎಂದರು.

ನನ್ನ ಸೆರಗಿನ ತುದಿಯಿಂದ ಅವರ ಕೆನ್ನೆಗೆ ಹತ್ತಿದ್ದ ಸಗಣಿ ಒರೆಸಿದೆ. “ಮದುವೆಗೆ ಮಾತ್ರ ಈ ಸೀರೆ ಉಡಬೇಡಿ. ನಮ್ಮ ಅಂಗಡೀಲಿ ಬೇಕಾದಷ್ಟಿವೆ” ಎಂದೆ.

ಅವರು ಅಳುತ್ತಲೇ ನಕ್ಕರು. ಆಮೇಲೆ ತಟ್ಟನೆ ನೆಟ್ಟಗೆ ಕೂತು, “ಹೌದಲ್ಲಾ, ಮದುವಿ ಎಲ್ಲಿ ಮಾಡೂದು? ಧಾರವಾಡದಾಗ ನಮ್ಮ ಬಳಗ ದೊಡ್ಡದೈತಿ” ಎಂದರು.

“ಹೆಣ್ಣಿನ ಮನೆಯವರು ನಾವು. ಕೊಳ್ಳೇಗಾಲದಲ್ಲೇ” ಎಂದೆ.

ಮಾದಪ್ಪನ ಬೆಟ್ಟ

ಕೌದಳ್ಳಿ ದಾಟಿ ಘಟ್ಟದ ತಿರುವುಗಳನ್ನು ಹತ್ತುವಾಗ ಹುಲಿ ಏರಿ ಬಂದ ಮಾದಪ್ಪನ ಕಥೆ ಹೇಳಬೇಕೆಂದಿದ್ದೆ. ಸಮಯ ಸಿಗಲಿಲ್ಲ. ಜೋಳದ ರೊಟ್ಟಿಯಿಲ್ಲದೆ ತಮ್ಮವರು ಉಣ್ಣುವುದಿಲ್ಲ ಎಂದು ನೀಲಕ್ಕ, ಮದುವೆ ಊಟದಲ್ಲಿ ರೊಟ್ಟಿ ಬಡಿಯುತ್ತಾ ಕೂರುವವರು ಯಾರು ಎಂದು ನಾನು. ಹೋಳಿಗೆಗೆ ಕಡಲೆಬೇಳೆಯೋ ತೊಗರಿಬೇಳೆಯೋ ಎಂಬಲ್ಲಿಗೆ ಬಂದಾಗ ಇಬ್ಬರ ದನಿಯೂ ಏರಿತ್ತು. ಮುಂದಿನ ಸೀಟಿನಲ್ಲಿ ಗಂಡಸರು ರಸ್ತೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಚಂದನಾ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದಳು.

ದೇವಸ್ಥಾನದ ಸಾಲಿನಲ್ಲಿ ನಿಂತಾಗಲೂ ಮುಗಿಯಲಿಲ್ಲ. ಧಾರವಾಡದವರು ಪುಂಡಿಪಲ್ಲೆ ಇಲ್ಲದೆ ಶುಭಕಾರ್ಯ ಮಾಡುವುದಿಲ್ಲ ಎಂದು ಅವರು ಹೊಸ ಶಾಸ್ತ್ರ ತೆಗೆದರು. ಅವರೆಕಾಳು ಸಾರಿಲ್ಲದಿದ್ದರೆ ನಮ್ಮ ಊರಿನವರು ಪಂಕ್ತಿಯಿಂದ ಎದ್ದು ಹೋಗುತ್ತಾರೆ ಎಂದು ನಾನೂ ಒಂದು ಶಾಸ್ತ್ರ ಹುಟ್ಟಿಸಿದೆ. ನಮ್ಮ ಮುಂದೆ ಜಾಗ ಖಾಲಿಯಾಗಿದ್ದು ಇಬ್ಬರಿಗೂ ಕಾಣಲಿಲ್ಲ.

ಹಿಂದೆ ನಿಂತಿದ್ದ ಗುರುತಿಲ್ಲದ ಅಜ್ಜಿಯೊಬ್ಬಳು, ಹಣೆ ತುಂಬ ವಿಭೂತಿ ಬಳಿದುಕೊಂಡವಳು, ನಮ್ಮಿಬ್ಬರ ಬೆನ್ನಿಗೂ ಒಂದೊಂದು ಕೈಯಿಟ್ಟು ತಳ್ಳಿದಳು.

“ಬೀಗಿತ್ತೀರಲ್ವಾ? ಕೇಳುದ್ರೇ ಗೊತ್ತಾಯ್ತದೆ. ಜಗಳ ಆಡ್ಕಂಡೇ ಮುಂದಕ್ ನಡೀರವ್ವ, ದೇವ್ರು ಕಾಯ್ತಾವ್ನೆ.”